ಬ್ಲೂಟೂತ್ ನೆಟ್‌ವರ್ಕ್‌ನಲ್ಲಿ ಐಪಿ ಸಿಗುತ್ತದೆ, ಎಆರ್‌ಪಿಗೆ ಮಾತ್ರ ಉತ್ತರ ಬರುವುದಿಲ್ಲ

ಸರ್ಕಿಟ್‌ಪ್ರಿಯೆ:

ಎಲ್ಲರಿಗೂ ನಮಸ್ಕಾರ. ಒಂದು ಲಿನಕ್ಸ್ ಲ್ಯಾಪ್‌ಟಾಪ್ ನಡುವೆ ಇಟ್ಟುಕೊಂಡು ಎರಡು ಬೋರ್ಡ್‌ಗಳನ್ನು ಬ್ಲೂಟೂತ್‌ನಲ್ಲಿ ಅದಕ್ಕೆ ಜೋಡಿಸಿದ್ದೇನೆ. ಒಂದು ಬೋರ್ಡ್‌ನಲ್ಲಿ ವೈಫೈ ಚಿಪ್ಪೇ ಇಲ್ಲ, ಅದಕ್ಕೇ ಬ್ಲೂಟೂತ್. ಬಿಎಲ್‌ಇ (ಕಡಿಮೆ ವಿದ್ಯುತ್ತಿನ ಬ್ಲೂಟೂತ್) ಅಲ್ಲ, ಕ್ಲಾಸಿಕ್. ಬ್ಲೂಟೂತ್ ಮೇಲೆ ನೆಟ್‌ವರ್ಕ್ ನಡೆಸುವ ಪ್ಯಾನ್ ಪ್ರೊಫೈಲ್ ಬಳಸುತ್ತಿದ್ದೇನೆ. ಲ್ಯಾಪ್‌ಟಾಪ್ ಎನ್‌ಎಪಿ (ನೆಟ್‌ವರ್ಕ್ ಒದಗಿಸುವವನು) ಪಾತ್ರದಲ್ಲಿದೆ, ಬೋರ್ಡ್‌ಗಳು ಪ್ಯಾನ್‌ಯು (ಅದನ್ನು ಬಳಸುವವರು). ಲ್ಯಾಪ್‌ಟಾಪ್‌ನಲ್ಲಿ ಎರಡೂ ಲಿಂಕ್‌ಗಳನ್ನು ಒಂದೇ ನೆಟ್‌ವರ್ಕ್ ಆಗಿ ಬೆಸೆಯುವ ಒಂದು ಬ್ರಿಡ್ಜ್ ಇದೆ, ಅದರ ಐಪಿ 192.168.50.1. ಮೊದಲ ಬೋರ್ಡ್‌ನಲ್ಲೂ ಲಿನಕ್ಸ್ ಓಡುತ್ತದೆ, ಅದಕ್ಕೆ 50.2 ಸಿಕ್ಕಿದೆ. ಎರಡನೆಯದು ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್. ಅದರ ಬ್ಲೂಟೂತ್ ಸ್ಟ್ಯಾಕ್ ಮತ್ತು ಐಪಿ ಸ್ಟ್ಯಾಕ್ ಎರಡೂ ಫರ್ಮ್‌ವೇರ್ ಒಳಗೇ ಇವೆ. ಅದಕ್ಕೆ ಡಿಎಚ್‌ಸಿಪಿಯಿಂದ (ಐಪಿಯನ್ನು ತಾನಾಗಿ ಹಂಚುವ ವ್ಯವಸ್ಥೆ) 50.3 ಬಂದಿದೆ.

ಲ್ಯಾಪ್‌ಟಾಪ್ ಮತ್ತು 50.2 ನಡುವೆ ಪಿಂಗ್, ಎಸ್‌ಎಸ್‌ಎಚ್ ಎಲ್ಲ ಸರಾಗ. 50.3ಕ್ಕೆ ಮಾತ್ರ ಏನೂ ಹೋಗುವುದಿಲ್ಲ. ಯಾವ ಐಪಿಗೆ ಯಾವ ಮ್ಯಾಕ್ (ಹಾರ್ಡ್‌ವೇರ್) ಅಡ್ರೆಸ್ ಅಂತ ಎಆರ್‌ಪಿ ಮೂಲಕ ತಿಳಿದದ್ದನ್ನು ಪಟ್ಟಿ ಮಾಡುವ ಐಪಿ ನೇಬರ್ ಕಮಾಂಡ್ ಕೊಟ್ಟರೆ ಮೊದಲು ಇನ್‌ಕಂಪ್ಲೀಟ್ ಅಂತ ಬರುತ್ತದೆ, ಮೂರು ಸೆಕೆಂಡ್ ಆದ ಮೇಲೆ ಫೇಲ್ಡ್. ಪಿಂಗ್ "ಹೋಸ್ಟ್ ಅನ್‌ರೀಚಬಲ್" ಅನ್ನುತ್ತದೆ. ವಿಚಿತ್ರ ಅಂದರೆ, ಕೆಲವೊಮ್ಮೆ ಅದೇ ಪಟ್ಟಿಯಲ್ಲಿ 50.3ರ ಸರಿಯಾದ ಮ್ಯಾಕ್ ಅಡ್ರೆಸ್ ಸ್ಟೇಲ್ (ಇದೆ, ಆದರೆ ಈಗ ಖಚಿತವಿಲ್ಲ) ಅಂತ ಕಾಣುತ್ತದೆ. ಆಗ ಪಿಂಗ್ ಮಾಡಿದರೆ ಅನ್‌ರೀಚಬಲ್ ಕೂಡ ಬರುವುದಿಲ್ಲ, ಸುಮ್ನೆ ಮೌನ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಫೇಲ್ಡ್.

ಐಪಿಯನ್ನೇ ಡಿಎಚ್‌ಸಿಪಿ ಮೂಲಕ ಪಡೆದುಕೊಂಡಿದೆ ಅಂದ ಮೇಲೆ ಲಿಂಕ್ ಸರಿಯಾಗಿದೆ ಅಂತಲೇ ಅರ್ಥ ಅಲ್ವಾ?

ಜೊತೆಗೆ ಒಂದು ಮೂಲ ಪ್ರಶ್ನೆ. ಬ್ಲೂಟೂತ್‌ನಲ್ಲಿ ಕನೆಕ್ಷನ್ ಆದ ಮೇಲೆ ಆ ಕಡೆ ಇರುವವರ ಅಡ್ರೆಸ್ ಎರಡೂ ಕಡೆಗೆ ಗೊತ್ತೇ ಇರುತ್ತದೆ. ಪೇರಿಂಗ್ ಮಾಡಿದ್ದೇ ಆ ಅಡ್ರೆಸ್ ಇಟ್ಟುಕೊಂಡು. ಮತ್ತೆ "50.3 ಯಾರು?" ಅಂತ ಕೇಳುವ ಅಗತ್ಯ ಏನಿದೆ?

ನೋಡೇಬಿಡೋಣ:

ತುರ್ತಿಗೆ ಒಂದು ದಾರಿ: ಲ್ಯಾಪ್‌ಟಾಪ್‌ನಲ್ಲಿ 50.3ಕ್ಕೆ ಸ್ಟ್ಯಾಟಿಕ್ ಎಆರ್‌ಪಿ ಎಂಟ್ರಿ ಹಾಕಿ. ಆಗ ಕೇಳುವ ಕೆಲಸವೇ ಇರುವುದಿಲ್ಲ. ಆಗದಿದ್ದರೆ ಬ್ಲೂಟೂತ್ ಸರ್ವೀಸ್ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ಪೇರ್ ಮಾಡಿ.

ಹಳೇ ಎಂಬೆಡೆಡ್:

ರೀಸ್ಟಾರ್ಟ್ ಬೇಡ, ದಯವಿಟ್ಟು. ಸಮಸ್ಯೆ ಕಣ್ಣೆದುರೇ ನಿಂತಿದೆ, ಯಾವಾಗ ಬೇಕಾದರೂ ಮರುಕಳಿಸುತ್ತದೆ. ಅಂಥ ಸಮಸ್ಯೆ ಸಿಗುವುದೇ ಅಪರೂಪ. ಅದನ್ನು ರೀಸ್ಟಾರ್ಟ್ ಮಾಡಿ ಓಡಿಸಿಬಿಟ್ಟರೆ ನಾಳೆ ಮತ್ತೆ ಹುಡುಕಬೇಕು.

ನಿಮ್ಮ ಮೂಲ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉತ್ತರ ಅಲ್ಲೇ ಅರ್ಧ ಇದೆ.

ಎಆರ್‌ಪಿ ಹುಟ್ಟಿದ್ದು ಈಥರ್ನೆಟ್‌ಗೆ. 1982ರ ಆರ್‌ಎಫ್‌ಸಿ 826, ಅಂದರೆ ಇಂಟರ್ನೆಟ್ ಮಾನದಂಡಗಳ ಸಾಲಿನ ಒಂದು ದಾಖಲೆ. ಅದರ ಕಲ್ಪನೆ ಬಹಳ ಸರಳ: ಒಂದೇ ತಂತಿಗೆ ಎಲ್ಲರೂ ಅಂಟಿಕೊಂಡಿದ್ದಾರೆ, ಒಬ್ಬ ಕೂಗಿದರೆ ಎಲ್ಲರಿಗೂ ಕೇಳುತ್ತದೆ. "ಈ ಐಪಿ ಯಾರದು?" ಅಂತ ಬ್ರಾಡ್‌ಕಾಸ್ಟ್ ಮಾಡು, ಯಾರದೋ ಅವರು ಮಾತ್ರ ತಮ್ಮ ಮ್ಯಾಕ್ ಅಡ್ರೆಸ್ ತಿರುಗಿ ಹೇಳುತ್ತಾರೆ. ಪ್ಯಾಕೆಟ್ ಬರೀ 28 ಬೈಟ್. ಈಥರ್ನೆಟ್ ಹೆಡರ್‌ನಲ್ಲಿ ಅದಕ್ಕೆ ಬೇರೆಯದೇ ಟೈಪ್ ನಂಬರ್ ಇದೆ, ಹೆಕ್ಸ್‌ನಲ್ಲಿ 0806. ಐಪಿವಿ4 ಪ್ಯಾಕೆಟ್‌ಗೆ 0800. ಈ ಎರಡು ನಂಬರ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಬ್ಲೂಟೂತ್‌ನಲ್ಲಿ ಆ ತಂತಿ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ಗೂ ಪ್ರತಿ ಬೋರ್ಡ್‌ಗೂ ನಡುವೆ ಪ್ರತ್ಯೇಕ ಲಿಂಕ್ ಇದೆ. ಬೋರ್ಡ್ ಬೋರ್ಡ್ ನಡುವೆ ನೇರ ಲಿಂಕ್ ಇಲ್ಲವೇ ಇಲ್ಲ. ಒಂದು ಪಿಕೋನೆಟ್‌ನಲ್ಲಿ (ಇಂಥ ಬ್ಲೂಟೂತ್ ಗುಂಪಿನ ಹೆಸರು) ನಡುವಿನವನ ಜೊತೆ ಏಕಕಾಲಕ್ಕೆ ಜಾಸ್ತಿ ಅಂದರೆ 7 ಸಾಧನ ಸಕ್ರಿಯವಾಗಿರಬಹುದು. ಮಾತೆಲ್ಲ ನಡುವಿನವನ ಮೂಲಕವೇ. ಹಾಗಾಗಿ ನೀವು ಹೇಳಿದ್ದು ಸರಿ, ಲಿಂಕ್‌ನ ಆ ತುದಿಯಲ್ಲಿ ಯಾರಿದ್ದಾರೆ ಅಂತ ಬ್ಲೂಟೂತ್ ಪದರಕ್ಕೆ ಚೆನ್ನಾಗಿ ಗೊತ್ತು.

ಆದರೆ ಐಪಿ ಪದರಕ್ಕೆ ಅದು ಗೊತ್ತಿಲ್ಲ. ಅದಕ್ಕೆ ಕಾಣುವುದು ಒಂದು ಈಥರ್ನೆಟ್ ಕಾರ್ಡ್. ಬಿಎನ್‌ಇಪಿ ಅನ್ನುವ ಪ್ರೋಟೋಕಾಲ್ ಮಾಡುವ ಕೆಲಸವೇ ಈ ವೇಷ: ಬ್ಲೂಟೂತ್ ಲಿಂಕ್ ಮೇಲೆ ಈಥರ್ನೆಟ್ ಫ್ರೇಮ್ ಸಾಗಿಸಿ, ಮೇಲಿನವರಿಗೆ "ನಾನು ಈಥರ್ನೆಟ್" ಅಂತ ತೋರಿಸುವುದು. ಬ್ಲೂಟೂತ್‌ನ ಎಲ್2ಕ್ಯಾಪ್ ಅನ್ನುವ ಡೇಟಾ ಚಾನೆಲ್ ಮೇಲೆ, ಹೆಕ್ಸ್ 000ಎಫ್ ಪಿಎಸ್‌ಎಂನಲ್ಲಿ (ಪೋರ್ಟ್ ನಂಬರ್ ಇದ್ದ ಹಾಗೆ) ಓಡುತ್ತದೆ. ಬ್ಲೂಟೂತ್ ಸಾಧನದ ಅಡ್ರೆಸ್ಸೂ 48 ಬಿಟ್, ಈಥರ್ನೆಟ್ ಮ್ಯಾಕ್ ಕೂಡ 48 ಬಿಟ್, ಹಂಚುವ ಸಂಸ್ಥೆಯೂ ಒಂದೇ. ಹಾಗಾಗಿ ಬ್ಲೂಟೂತ್ ಅಡ್ರೆಸ್ಸನ್ನೇ ಮ್ಯಾಕ್ ಅಂತ ಇಟ್ಟುಕೊಂಡು ವೇಷ ಪೂರ್ತಿಯಾಗುತ್ತದೆ. ಪಾಪ ಐಪಿ ಸ್ಟ್ಯಾಕ್ ಅದನ್ನು ನಂಬಿ ತನ್ನ ಹಳೇ ಅಭ್ಯಾಸದಂತೆ ಎಆರ್‌ಪಿ ಕೇಳುತ್ತದೆ.

ಕೇಳಲೇಬೇಕಾದ ಕಾರಣವೂ ಇದೆ ಅನ್ನಿ. 50.2 ಇಂದ 50.3ಕ್ಕೆ ಪ್ಯಾಕೆಟ್ ಕಳಿಸಬೇಕು ಅಂದುಕೊಳ್ಳಿ. 50.2ಕ್ಕೆ ಲಿಂಕ್ ಇರುವುದು ಲ್ಯಾಪ್‌ಟಾಪ್ ಜೊತೆ, ಆದರೆ ಫ್ರೇಮ್ ಮೇಲೆ ಬರೆಯಬೇಕಾದದ್ದು 50.3ರ ಮ್ಯಾಕ್. ಅದು ಅದಕ್ಕೆ ಗೊತ್ತಿಲ್ಲ, ಅವರಿಬ್ಬರೂ ಪೇರ್ ಆಗಿಲ್ಲ. ಆಗ ಎಆರ್‌ಪಿ ಬೇಕೇ ಬೇಕು. ಅದು ಬ್ರಾಡ್‌ಕಾಸ್ಟ್ ಆಗಿ ಹೊರಡುತ್ತದೆ, ಲ್ಯಾಪ್‌ಟಾಪ್‌ಗೆ ತಲುಪುತ್ತದೆ, ಅಲ್ಲಿನ ಬ್ರಿಡ್ಜ್ ಅದರ ನಕಲು ಮಾಡಿ ಉಳಿದ ಲಿಂಕ್‌ಗಳಿಗೆ ಹಾಕುತ್ತದೆ. ಇಲ್ಲಿ ಬ್ರಾಡ್‌ಕಾಸ್ಟ್ ಅಂದರೆ ಮೈಕ್ ಹಿಡಿದು ಕೂಗುವುದಲ್ಲ, ನಡುವಿನವನು ಒಬ್ಬೊಬ್ಬರ ಕಿವಿಯಲ್ಲೂ ಬೇರೆ ಬೇರೆಯಾಗಿ ಹೇಳಿಕೊಂಡು ಬರುವುದು. ಇದರಲ್ಲಿ ಒಂದು ಲಾಭ ಇದೆ. ಪ್ರತಿ ನಕಲೂ ಒಬ್ಬರಿಗೆ ಮಾತ್ರ ಹೋಗುವ ಪ್ಯಾಕೆಟ್, ಹಾಗಾಗಿ ತಲುಪಿದ್ದಕ್ಕೆ ರಸೀದಿ ಬರುತ್ತದೆ, ಬರದಿದ್ದರೆ ರೇಡಿಯೋ ಮತ್ತೆ ಕಳಿಸುತ್ತದೆ. ಗಾಳಿಯಲ್ಲಿ ಕಳೆದುಹೋಗಿ ಎಆರ್‌ಪಿ ವಿಫಲವಾಗುವುದು ಬ್ಲೂಟೂತ್‌ನಲ್ಲಿ ಬಹಳ ಕಮ್ಮಿ. ಅಂದರೆ ನಿಮ್ಮ ಪ್ಯಾಕೆಟ್ ಕಳೆದುಹೋಗುತ್ತಿಲ್ಲ, ಯಾರೋ ಬೇಕೆಂದೇ ತಡೆಯುತ್ತಿದ್ದಾರೆ.

ಈಗ ಡಿಎಚ್‌ಸಿಪಿ ವಿಷಯ. ಐಪಿ ಸಿಕ್ಕಿತು ಅಂದ ಮಾತ್ರಕ್ಕೆ ಎಆರ್‌ಪಿ ನಡೆಯುತ್ತಿದೆ ಅಂತ ಅರ್ಥವಲ್ಲ. ಡಿಎಚ್‌ಸಿಪಿ ಪ್ಯಾಕೆಟ್ ಐಪಿವಿ4 ಪ್ಯಾಕೆಟ್, ಟೈಪ್ 0800. ಕೇಳುವವನು ತನ್ನ ಮ್ಯಾಕ್ ಅಡ್ರೆಸ್ಸನ್ನು ಮನವಿಯ ಒಳಗೇ ಬರೆದು ಕಳಿಸುತ್ತಾನೆ. ಸರ್ವರ್ ಅದನ್ನೇ ನೋಡಿಕೊಂಡು ನೇರವಾಗಿ ಉತ್ತರಿಸುತ್ತದೆ, ಇಲ್ಲವೇ ಬ್ರಾಡ್‌ಕಾಸ್ಟ್ ಮಾಡುತ್ತದೆ. ಎರಡರಲ್ಲೂ ಎಆರ್‌ಪಿ ಕೇಳುವ ಪ್ರಸಂಗ ಬರುವುದಿಲ್ಲ. ಆದ್ದರಿಂದ ನಿಮ್ಮ ಲಿಂಕ್ ಬಗ್ಗೆ ಈಗ ಖಚಿತವಾಗಿ ಗೊತ್ತಿರುವುದು ಇಷ್ಟೇ: 0800 ಎರಡೂ ಕಡೆ ಓಡಾಡುತ್ತಿದೆ.

ಇನ್ನು ಸ್ಟೇಲ್ ಎಂಟ್ರಿ. ನನಗೆ ಇದೇ ಅತಿ ಮುಖ್ಯ ಸುಳಿವು. ಲ್ಯಾಪ್‌ಟಾಪ್ ತಾನು ಕೇಳಿ ಪಡೆದ ಉತ್ತರದಿಂದ ಮಾತ್ರ ಕಲಿಯುವುದಿಲ್ಲ. ಬೇರೆಯವರು "50.1 ಯಾರು? ಕೇಳುತ್ತಿರುವವನು 50.3, ನನ್ನ ಮ್ಯಾಕ್ ಇದು" ಅಂತ ಕೇಳಿದಾಗಲೂ ಕೇಳಿದವನ ವಿವರವನ್ನು ಬರೆದಿಟ್ಟುಕೊಳ್ಳುತ್ತದೆ. 826ರಲ್ಲೇ ಇರುವ ನಿಯಮ ಅದು. ಲಿನಕ್ಸ್ ಆಗ ಎಂಟ್ರಿಯನ್ನು ಸ್ಟೇಲ್ ಸ್ಥಿತಿಯಲ್ಲಿ ಇಡುತ್ತದೆ. ನೀವು ಪಿಂಗ್ ಮಾಡಿದ ತಕ್ಷಣ ಅದೇ ಮ್ಯಾಕ್ ನಂಬಿ ಪ್ಯಾಕೆಟ್ ಕಳಿಸಿ, ಡಿಲೇ ಸ್ಥಿತಿಗೆ ಹೋಗಿ, ಡಿಫಾಲ್ಟ್ ಪ್ರಕಾರ 5 ಸೆಕೆಂಡ್ ಕಾಯುತ್ತದೆ. ಆ ಕಡೆಯಿಂದ ಏನೂ ಸುಳಿವು ಬರದಿದ್ದರೆ ಪ್ರೋಬ್ ಸ್ಥಿತಿಗೆ ಬಂದು, ಆ ಮ್ಯಾಕ್‌ಗೇ ನೇರವಾಗಿ ಎಆರ್‌ಪಿ ಕಳಿಸಿ ಮೂರು ಸಲ ವಿಚಾರಿಸಿ, ಕೊನೆಗೆ ಫೇಲ್ಡ್. ನಿಮ್ಮ "ಮೌನ, ಆಮೇಲೆ ಫೇಲ್ಡ್" ಇದೇ.

ಅಂದರೆ 50.3 ಕಳಿಸಿದ ಎಆರ್‌ಪಿ ಲ್ಯಾಪ್‌ಟಾಪ್‌ಗೆ ಬರುತ್ತಿದೆ. ಲ್ಯಾಪ್‌ಟಾಪ್‌ನಿಂದ 50.3ಕ್ಕೆ ಎಆರ್‌ಪಿ ಹೋಗುತ್ತಿಲ್ಲ, ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ಒಂದೇ ದಿಕ್ಕು, ಒಂದೇ ಟೈಪ್. ನನಗೆ ಒಂದು ಅನುಮಾನ ಇದೆ. ಹೇಳುವ ಮೊದಲು ಎರಡು ಕೆಲಸ ಮಾಡಿ.

ಲ್ಯಾಪ್‌ಟಾಪ್‌ನಲ್ಲಿ ಆ ಬೋರ್ಡ್‌ನ ಬಿಎನ್‌ಇಪಿ ಇಂಟರ್‌ಫೇಸ್ ಮೇಲೆ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ. ಬ್ರಿಡ್ಜ್ ಮೇಲೆ ಅಲ್ಲ, ಅದರೊಳಗಿನ ಇಂಟರ್‌ಫೇಸ್ ಮೇಲೆ. ಅದೇ ಹೊತ್ತಿಗೆ ಇನ್ನೊಂದು ಕಿಟಕಿಯಲ್ಲಿ ಬ್ಲೂಟೂತ್ ಸಂಚಾರ ತೋರಿಸುವ ಬಿಟಿಮಾನ್ ಓಡಿಸಿ. ಬಿಟಿಮಾನನ್ನು ಬೋರ್ಡ್ ಕನೆಕ್ಟ್ ಆಗುವ ಮೊದಲೇ ಶುರು ಮಾಡಿ. ನಡುವೆ ಶುರು ಮಾಡಿದರೆ ಯಾವ ಚಾನೆಲ್‌ನಲ್ಲಿ ಬಿಎನ್‌ಇಪಿ ಇದೆ ಅಂತ ಅದಕ್ಕೆ ತಿಳಿಯುವುದಿಲ್ಲ, ಬರೀ ಬೈಟ್ ಸುರಿಯುತ್ತದೆ. ಎರಡನ್ನೂ ಹೋಲಿಸಿ ನೋಡಿ.

@ನೋಡೇಬಿಡೋಣ, ಸ್ಟ್ಯಾಟಿಕ್ ಎಂಟ್ರಿ ಒಂದು ಕಡೆ ಮಾತ್ರ ಹಾಕಿದರೆ ಉಪಯೋಗವಿಲ್ಲ. ಪಿಂಗ್ ಆ ಕಡೆ ತಲುಪಿದರೂ, ಉತ್ತರ ಕೊಡಲು ಬೋರ್ಡ್‌ಗೆ 50.1ರ ಮ್ಯಾಕ್ ಬೇಕಲ್ಲ. ಎರಡೂ ಕಡೆ ಹಾಕಿದರೆ ನಡೆಯಬೇಕು. ಪರೀಕ್ಷೆಗೆ ಒಳ್ಳೆಯದು, ಪರಿಹಾರ ಅಂತ ಇಟ್ಟುಕೊಳ್ಳಬೇಡಿ.

ಸರ್ಕಿಟ್‌ಪ್ರಿಯೆ:

ತುಂಬಾ ಥ್ಯಾಂಕ್ಸ್ ಸರ್. ಮಾಡಿ ನೋಡಿದೆ, ಈಗ ಇನ್ನೂ ಗೊಂದಲ.

ಟಿಸಿಪಿಡಂಪ್ ಪ್ರಕಾರ ಲ್ಯಾಪ್‌ಟಾಪ್ ಎಲ್ಲ ಸರಿಯಾಗೇ ಮಾಡುತ್ತಿದೆ. 50.3 "50.1 ಯಾರು" ಅಂತ ಕೇಳುತ್ತದೆ, ಲ್ಯಾಪ್‌ಟಾಪ್ ಕೂಡಲೇ ಉತ್ತರ ಕಳಿಸುತ್ತದೆ. ಬೋರ್ಡ್ ಮತ್ತೆ ಅದೇ ಪ್ರಶ್ನೆ ಕೇಳುತ್ತದೆ. ಲ್ಯಾಪ್‌ಟಾಪ್ ಮತ್ತೆ ಉತ್ತರಿಸುತ್ತದೆ. ಹೀಗೇ ನಡೆದಿದೆ.

ಆದರೆ ಬಿಟಿಮಾನ್‌ನಲ್ಲಿ ಬೋರ್ಡ್ ಕಳಿಸಿದ ಪ್ರಶ್ನೆಗಳು ಮಾತ್ರ ಕಾಣುತ್ತವೆ. ಲ್ಯಾಪ್‌ಟಾಪ್‌ನ ಉತ್ತರ ಒಂದೂ ಇಲ್ಲ. ಟಿಸಿಪಿಡಂಪ್‌ನಲ್ಲಿ ಹೊರಗೆ ಹೋದದ್ದು ಬಿಟಿಮಾನ್‌ಗೆ ಕಾಣದೆ ಎಲ್ಲಿ ಮಾಯವಾಯಿತು?

ಕನೆಕ್ಷನ್ ಶುರುವಿನಲ್ಲಿ ಬೋರ್ಡ್ ಕಡೆಯಿಂದ ಒಂದು ಕಂಟ್ರೋಲ್ ಪ್ಯಾಕೆಟ್ ಬಂದಿದೆ. ಅದರ ಬೈಟ್‌ಗಳು: 01 03 00 04 08 00 08 00. ಲ್ಯಾಪ್‌ಟಾಪ್ ಅದಕ್ಕೆ "ಸಕ್ಸೆಸ್" ಅಂತ ಉತ್ತರ ಕೊಟ್ಟಿದೆ.

ಎರಡೂ ಕಡೆ ಸ್ಟ್ಯಾಟಿಕ್ ಎಂಟ್ರಿ ಹಾಕಿ ನೋಡಿದೆ. ಪಿಂಗ್ ನಡೆಯುತ್ತದೆ!

ಹಳೇ ಎಂಬೆಡೆಡ್:

ಸಿಕ್ಕಿತು. ಆ ಎಂಟು ಬೈಟ್‌ಗಳಲ್ಲೇ ಎಲ್ಲ ಇದೆ, ಒಟ್ಟಿಗೆ ಓದೋಣ.

ಮೊದಲ 01 ಅಂದರೆ ಇದು ಬಿಎನ್‌ಇಪಿ ಕಂಟ್ರೋಲ್ ಪ್ಯಾಕೆಟ್. ನಂತರದ 03 ಅಂದರೆ ನೆಟ್‌ವರ್ಕ್ ಪ್ರೋಟೋಕಾಲ್ ಟೈಪ್ ಫಿಲ್ಟರ್ ಹಾಕುವ ಮನವಿ. 00 04 ಅಂದರೆ ಮುಂದೆ ನಾಲ್ಕು ಬೈಟ್ ಪಟ್ಟಿ ಇದೆ. ಪಟ್ಟಿಯಲ್ಲಿ ಒಂದೇ ಒಂದು ಶ್ರೇಣಿ: 0800ರಿಂದ 0800ರವರೆಗೆ. ಕನ್ನಡದಲ್ಲಿ ಹೇಳಬೇಕೆಂದರೆ, ಬೋರ್ಡ್ ಲ್ಯಾಪ್‌ಟಾಪ್‌ಗೆ ಹೇಳಿದ್ದು ಇಷ್ಟು: "ನನಗೆ ಐಪಿವಿ4 ಮಾತ್ರ ಕಳಿಸು, ಬೇರೆ ಏನೂ ಕಳಿಸಬೇಡ." ಲ್ಯಾಪ್‌ಟಾಪ್ "ಆಗಲಿ" ಅಂದಿತು, ಮಾತಿಗೆ ತಪ್ಪದೆ ನಡೆದುಕೊಂಡಿತು. ಎಆರ್‌ಪಿ 0806, ಶ್ರೇಣಿಯ ಹೊರಗೆ. ಬಿತ್ತು.

ಈ ಫಿಲ್ಟರ್ ವ್ಯವಸ್ಥೆ ಇರುವುದಕ್ಕೆ ಒಳ್ಳೆಯ ಕಾರಣ ಇದೆ. ದೊಡ್ಡ ಈಥರ್ನೆಟ್‌ಗೆ ಬ್ರಿಡ್ಜ್ ಆದ ಎನ್‌ಎಪಿ ಹಿಂದೆ ಎಷ್ಟೋ ಕಂಪ್ಯೂಟರ್ ಇರುತ್ತವೆ, ಅವುಗಳ ಬ್ರಾಡ್‌ಕಾಸ್ಟ್ ಗಲಾಟೆಯೆಲ್ಲ ಬ್ಯಾಟರಿ ಮೇಲೆ ಓಡುವ ಪುಟ್ಟ ಸಾಧನಕ್ಕೆ ಬೇಕಾಗಿಲ್ಲ. ಗಾಳಿಯಲ್ಲಿ ಬಂದ ಮೇಲೆ ಬಿಸಾಡುವುದಕ್ಕಿಂತ, ಕಳಿಸುವವನೇ ತಡೆಯುವುದು ಮೇಲು. ಹಾಗಾಗಿ ಫಿಲ್ಟರ್ ಹಾಕುವವನು ಒಬ್ಬ, ಅದನ್ನು ಜಾರಿ ಮಾಡುವವನು ಎದುರಿನವನು. ನಿಮ್ಮ ಸಮಸ್ಯೆ ಒಂದೇ ದಿಕ್ಕಿನಲ್ಲಿ ಇದ್ದದ್ದು ಅದಕ್ಕೇ. ಬೋರ್ಡ್ ತಾನು ಕಳಿಸುವುದಕ್ಕೆ ಯಾವ ತಡೆಯೂ ಇಲ್ಲ.

ಟಿಸಿಪಿಡಂಪ್ ಸುಳ್ಳು ಹೇಳಿದಂತೆ ಕಂಡದ್ದೂ ಇದರಿಂದಲೇ. ಅದು ಪ್ಯಾಕೆಟ್ಟನ್ನು ನೋಡುವುದು ಕರ್ನಲ್ ಅದನ್ನು ಇಂಟರ್‌ಫೇಸ್‌ನ ಡ್ರೈವರ್ ಕೈಗೆ ಕೊಡುವ ಮುಂಚೆ. ಫಿಲ್ಟರ್ ಇರುವುದು ಬಿಎನ್‌ಇಪಿ ಡ್ರೈವರ್ ಒಳಗೆ. ಬಿಟಿಮಾನ್ ನೋಡುವುದು ಇನ್ನೂ ಕೆಳಗೆ, ಬ್ಲೂಟೂತ್ ಚಿಪ್‌ಗೆ ಹೋಗುವ ದಾರಿಯಲ್ಲಿ. ಮೇಲೆ ಕಂಡು ಕೆಳಗೆ ಕಾಣದ ಪ್ಯಾಕೆಟ್ ನಡುವೆಯೇ ಸತ್ತಿರಬೇಕು. ನೆಟ್‌ವರ್ಕ್ ದೋಷ ಹುಡುಕುವವರು ಟಿಸಿಪಿಡಂಪ್ ಕಂಡದ್ದನ್ನು "ಹೊರಗೆ ಹೋಯಿತು" ಅಂತ ತೀರ್ಮಾನಿಸುವುದನ್ನು ಬಹಳ ನೋಡಿದ್ದೇನೆ. ವೈರ್‌ಲೆಸ್‌ನಲ್ಲಂತೂ ಅದು "ಹೊರಗೆ ಹೊರಟಿತು" ಅಷ್ಟೇ.

ಪರಿಹಾರ: ಫರ್ಮ್‌ವೇರ್‌ನಲ್ಲಿ ಫಿಲ್ಟರ್ ಶ್ರೇಣಿಯ ಕೊನೆಯನ್ನು 0806 ಮಾಡಿ. ಅಂದರೆ ಬೈಟ್‌ಗಳು 01 03 00 04 08 00 08 06 ಆಗಬೇಕು. 0800ರಿಂದ 0806 ಅನ್ನುವ ಶ್ರೇಣಿ ನನ್ನ ಕಲ್ಪನೆ ಅಲ್ಲ, ಲಿನಕ್ಸ್‌ನ ಬಿಎನ್‌ಇಪಿ ತನ್ನ ಡಿಫಾಲ್ಟ್ ಫಿಲ್ಟರ್‌ನಲ್ಲಿ ಐಪಿವಿ4 ಮತ್ತು ಎಆರ್‌ಪಿಗೆ ಇಟ್ಟುಕೊಂಡಿರುವುದೂ ಅದನ್ನೇ. ಮುಂದೆ ಐಪಿವಿ6 ಬೇಕಾದರೆ 86ಡಿಡಿ ಟೈಪ್‌ಗೆ ಇನ್ನೊಂದು ಶ್ರೇಣಿ ಸೇರಿಸಿ, ಆಗ ಉದ್ದದ ಜಾಗದಲ್ಲಿ 00 08 ಬರೆಯುವುದನ್ನು ಮರೆಯಬೇಡಿ. ಫಿಲ್ಟರ್ ಕಳಿಸುವ ಸಾಲನ್ನೇ ತೆಗೆದರೂ ನಡೆಯುತ್ತದೆ. ಮೂರೇ ಸಾಧನದ ನೆಟ್‌ವರ್ಕ್‌ಗೆ ನಾನಾದರೆ ತೆಗೆದೇಬಿಡುತ್ತೇನೆ.

ಇಷ್ಟಕ್ಕೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಐಪಿವಿ6 ಕಡೆ ಹೋದರೆ ನಿಮ್ಮನ್ನು ಕಾಡುತ್ತದೆ. ಬಿಎನ್‌ಇಪಿಯಲ್ಲಿ ಎರಡನೇ ಫಿಲ್ಟರ್ ಇದೆ, ಮಲ್ಟಿಕಾಸ್ಟ್ ಅಡ್ರೆಸ್‌ಗಳಿಗೆ. ಲಿನಕ್ಸ್ ಅದನ್ನು ಜಾರಿ ಮಾಡುವಾಗ ಬ್ರಾಡ್‌ಕಾಸ್ಟ್ ಅಡ್ರೆಸ್ಸಿಗೆ ಯಾವಾಗಲೂ ದಾರಿ ಬಿಡುತ್ತದೆ, ಹಾಗಾಗಿ ಎಆರ್‌ಪಿಗೆ ಅದರಿಂದ ತೊಂದರೆ ಇಲ್ಲ. ಆದರೆ ಐಪಿವಿ6ರಲ್ಲಿ ಎಆರ್‌ಪಿ ಇಲ್ಲ, ನೇಬರ್ ಡಿಸ್ಕವರಿ ಇದೆ. ಅದರ ಪ್ರಶ್ನೆ ಬ್ರಾಡ್‌ಕಾಸ್ಟ್ ಆಗಿ ಹೋಗುವುದಿಲ್ಲ. ಹುಡುಕುವ ಅಡ್ರೆಸ್ಸಿನ ಕೊನೆಯ 24 ಬಿಟ್ ತೆಗೆದುಕೊಂಡು, 33-33-ಎಫ್‌ಎಫ್ ಅಂತ ಶುರುವಾಗುವ ಮಲ್ಟಿಕಾಸ್ಟ್ ಮ್ಯಾಕ್‌ಗೆ ಹೋಗುತ್ತದೆ. ಆ ಫಿಲ್ಟರ್ ಬಿಗಿಯಾಗಿದ್ದರೆ ಐಪಿವಿ4 ಚೆನ್ನಾಗಿ ನಡೆದು ಐಪಿವಿ6 ಮಾತ್ರ ಸಾಯುತ್ತದೆ. ಇವತ್ತಿನ ನಿಮ್ಮ ಕಥೆಯದೇ ತಮ್ಮ.

ಸರ್ಕಿಟ್‌ಪ್ರಿಯೆ:

0806 ಮಾಡಿದೆ, ಎಲ್ಲ ಸರಿಯಾಯಿತು! 50.2 ಇಂದ 50.3ಕ್ಕೂ ಪಿಂಗ್ ಹೋಗುತ್ತಿದೆ. ಆ ಫಿಲ್ಟರ್ ಸಾಲು ಸ್ಟ್ಯಾಕ್ ಜೊತೆ ಬಂದ ಮಾದರಿ ಕೋಡ್‌ನಲ್ಲೇ ಇತ್ತು, ಪಕ್ಕದಲ್ಲಿ "ವಿದ್ಯುತ್ ಉಳಿತಾಯಕ್ಕೆ" ಅಂತ ಕಾಮೆಂಟ್ ಬೇರೆ.

ಇನ್ನೆರಡು ಅನುಮಾನ ಉಳಿದಿವೆ. ಒಂದು, ಇದೇ ಬೋರ್ಡ್, ಇದೇ ಹಳೇ ಫರ್ಮ್‌ವೇರ್, ನನ್ನ ಹತ್ತಿರ ಇರುವ ಇನ್ನೊಂದು ಲಿನಕ್ಸ್ ಪೆಟ್ಟಿಗೆ ಜೊತೆ ಮೊದಲಿನಿಂದಲೂ ಚೆನ್ನಾಗಿ ಮಾತಾಡುತ್ತಿತ್ತು. ಅದು ಹೇಗೆ? ಎರಡು, ಮುಂದಿನ ಬೋರ್ಡ್‌ನಲ್ಲಿ ಬಿಎಲ್‌ಇ ಮಾತ್ರ ಇರುತ್ತದೆ. ಅಲ್ಲೂ ಇದೇ ಬಿಎನ್‌ಇಪಿ, ಇದೇ ಎಆರ್‌ಪಿನಾ?

ಪ್ಯಾಕೆಟ್ ಬುಟ್ಟಿ:

ಬಿಎಲ್‌ಇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಈಗ ಕೆಲಸ ಮಾಡುತ್ತಿರುವುದೇ ಅದರ ಮೇಲೆ.

ಅಲ್ಲಿ ಬಿಎನ್‌ಇಪಿ ಇಲ್ಲ, ಎಆರ್‌ಪಿಯೂ ಇಲ್ಲ, ಐಪಿವಿ4 ಕೂಡ ಇಲ್ಲ. ಐಪಿವಿ6 ಮಾತ್ರ. 2015ರ ಆರ್‌ಎಫ್‌ಸಿ 7668 ಇದಕ್ಕೇ ಬರೆದದ್ದು. ಈಥರ್ನೆಟ್ ವೇಷ ಹಾಕುವ ಗೋಜಿಗೇ ಅವರು ಹೋಗಿಲ್ಲ. ಐಪಿವಿ6 ಪ್ಯಾಕೆಟ್ಟಿನ ಹೆಡರ್ ಕುಗ್ಗಿಸಿ ನೇರವಾಗಿ ಎಲ್2ಕ್ಯಾಪ್ ಚಾನೆಲ್‌ಗೆ ಹಾಕುತ್ತಾರೆ. ಫ್ರೇಮ್ ಮೇಲೆ ಮ್ಯಾಕ್ ಅಡ್ರೆಸ್ ಬರೆಯುವ ಜಾಗವೇ ಇಲ್ಲ, ಯಾಕೆಂದರೆ ಲಿಂಕ್‌ನ ಆ ತುದಿಯಲ್ಲಿ ಇರುವುದು ಒಬ್ಬರೇ. ನೀವು ಮೊದಲ ಪೋಸ್ಟ್‌ನಲ್ಲಿ ಕೇಳಿದ್ದನ್ನೇ ಅವರೂ ಯೋಚಿಸಿದ್ದಾರೆ ನೋಡಿ.

ಲಿಂಕ್ ಲೋಕಲ್ ಅಡ್ರೆಸ್ ಬೇಕಾದರೆ 48 ಬಿಟ್ ಬ್ಲೂಟೂತ್ ಅಡ್ರೆಸ್ ಮಧ್ಯೆ ಎಫ್‌ಎಫ್ ಎಫ್‌ಇ ಸೇರಿಸಿ 64 ಬಿಟ್ ಮಾಡುತ್ತಾರೆ. ಈಥರ್ನೆಟ್‌ನಲ್ಲಿ ಹೀಗೆ ಮಾಡುವಾಗ ಒಂದು ಬಿಟ್ ತಿರುಗಿಸುತ್ತಾರಲ್ಲ, ಇಲ್ಲಿ ಅದೂ ಇಲ್ಲ. ಇದ್ದದ್ದು ಇದ್ದ ಹಾಗೆ.

ಉಳಿದ ಅಡ್ರೆಸ್‌ಗಳಿಗೆ "ಯಾರಿದ್ದೀರಿ" ಅಂತ ಕೇಳುವ ಬದಲು ಮೊದಲೇ ನೋಂದಣಿ ಮಾಡಿಸುವ ಪದ್ಧತಿ. ಪುಟ್ಟ ಸಾಧನ ರೂಟರ್‌ಗೆ "ನನ್ನ ಐಪಿ ಇದು, ಇಷ್ಟು ಹೊತ್ತು ನನ್ನ ಹೆಸರಿಗೆ ಇರಲಿ" ಅಂತ ನೇರವಾಗಿ ಹೇಳಿಕೊಳ್ಳುತ್ತದೆ. ಮಲ್ಟಿಕಾಸ್ಟ್ ಮಾಡಿ ಎಲ್ಲರನ್ನೂ ಎಬ್ಬಿಸುವುದು ತಪ್ಪುತ್ತದೆ. ಈ ವಿಧಾನ 2012ರ ಆರ್‌ಎಫ್‌ಸಿ 6775ರದ್ದು, ಮೂಲದಲ್ಲಿ 802.15.4 ರೇಡಿಯೋಗಳಂಥ ಕಡಿಮೆ ಶಕ್ತಿಯ ನೆಟ್‌ವರ್ಕ್‌ಗಳಿಗೆ ಮಾಡಿದ್ದು. ಅಲ್ಲಿ ಇಡೀ ಫ್ರೇಮೇ 127 ಬೈಟ್, ಸುಮ್ನೆ ಕೂಗಾಡಲು ಯಾರಿಗೂ ಪುರುಸೊತ್ತಿಲ್ಲ. ಎರಡು ಬಿಎಲ್‌ಇ ಸಾಧನ ಪರಸ್ಪರ ಮಾತಾಡಬೇಕಾದರೂ ಪ್ಯಾಕೆಟ್ ರೂಟರ್‌ಗೇ ಹೋಗುತ್ತದೆ, ಪಕ್ಕದವರ ಅಡ್ರೆಸ್ ಹುಡುಕುವ ಪ್ರಮೇಯ ಬರುವುದಿಲ್ಲ.

ಒಂದು ಎಚ್ಚರಿಕೆ. ಬಿಎಲ್‌ಇ ಲಾಗ್‌ನಲ್ಲಿ "ಅಡ್ರೆಸ್ ರೆಸಲ್ಯೂಷನ್ ಎನೇಬಲ್" ಅಂತ ಸಾಲು ಬಂದರೆ ಅದಕ್ಕೂ ಐಪಿಗೂ ಸಂಬಂಧ ಇಲ್ಲ. ಬಿಎಲ್‌ಇ ಸಾಧನಗಳು ಗುರುತು ಮರೆಮಾಡಲು ಆಗಾಗ ಅಡ್ರೆಸ್ ಬದಲಿಸುತ್ತವೆ, ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ. ಆ ಅಡ್ರೆಸ್ಸಿನ ಅರ್ಧ ಯಾದೃಚ್ಛಿಕ ಬಿಟ್‌ಗಳು, ಇನ್ನರ್ಧ ಪೇರಿಂಗ್ ವೇಳೆ ಹಂಚಿಕೊಂಡ ಕೀಲಿಯಿಂದ ಲೆಕ್ಕ ಹಾಕಿದ 24 ಬಿಟ್ ಹ್ಯಾಶ್. ಕೀಲಿ ಇದ್ದವರು ಅದೇ ಲೆಕ್ಕ ಮಾಡಿ "ಓ, ಇದು ನಮ್ಮದೇ ಬೋರ್ಡ್" ಅಂತ ಗುರುತಿಸುತ್ತಾರೆ. ಯಾರನ್ನೂ ಕೇಳುವ ಕೆಲಸ ಇಲ್ಲ, ಎಲ್ಲ ಚಿಪ್ ಒಳಗೇ ಮುಗಿಯುತ್ತದೆ.

ನೋಡೇಬಿಡೋಣ:

ನಡುವೆ ಬಾಯಿ ಹಾಕುತ್ತಿದ್ದೇನೆ. ವೈಫೈನಲ್ಲಿ ನನ್ನ ಫೋನ್‌ಗೆ ಪಿಂಗ್ ಮಾಡಿದರೆ ಮೊದಲನೆಯದು ಮಾತ್ರ ಇನ್ನೂರು ಮುನ್ನೂರು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಅದಕ್ಕೂ ಎಆರ್‌ಪಿ ಕಾರಣವಾ?

ಹಳೇ ಎಂಬೆಡೆಡ್:

ಬಹುಶಃ ಹೌದು, ಆದರೆ ಕಾರಣ ಬೇರೆ ಬಗೆಯದು. ವೈಫೈನಲ್ಲಿ ನಿಜವಾದ ಬ್ರಾಡ್‌ಕಾಸ್ಟ್ ಇದೆ, ತೊಂದರೆ ಶುರುವಾಗುವುದೇ ಅಲ್ಲಿ. ನಿಮ್ಮ ಕಂಪ್ಯೂಟರ್ ಎಆರ್‌ಪಿ ಪ್ರಶ್ನೆಯನ್ನು ಮೊದಲು ಆಕ್ಸೆಸ್ ಪಾಯಿಂಟ್‌ಗೆ ಕಳಿಸುತ್ತದೆ. ಅಷ್ಟರ ಮಟ್ಟಿಗೆ ರಸೀದಿ ಇದೆ. ಅಲ್ಲಿಂದ ಅದು ಎಲ್ಲರಿಗೂ ಒಂದೇ ಸಲ ಹೊರಡುತ್ತದೆ, ನಿಧಾನದ ವೇಗದಲ್ಲಿ, ರಸೀದಿ ಇಲ್ಲದೆ. ಕಳೆದುಹೋದರೆ ಹೋಯಿತು, ಮತ್ತೆ ಕಳಿಸುವವರಿಲ್ಲ. ಜೊತೆಗೆ ಯಾವುದಾದರೂ ಒಂದು ಸಾಧನ ಪವರ್ ಸೇವ್‌ನಲ್ಲಿ ನಿದ್ದೆ ಮಾಡುತ್ತಿದ್ದರೂ ಸಾಕು, ಆಕ್ಸೆಸ್ ಪಾಯಿಂಟ್ ಬ್ರಾಡ್‌ಕಾಸ್ಟನ್ನು ಹಿಡಿದಿಟ್ಟು ಡಿಟಿಐಎಂ ಬೀಕನ್ (ನಿದ್ದೆಯಲ್ಲಿರುವವರೂ ಎದ್ದು ಕೇಳುವ ಸಂಕೇತ) ಬರುವವರೆಗೆ ಕಾಯುತ್ತದೆ. ಬೀಕನ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡ್‌ಗೊಮ್ಮೆ. ಡಿಟಿಐಎಂ 3, ಅಂದರೆ ಮೂರು ಬೀಕನ್‌ಗೊಮ್ಮೆ, ಅಂತ ಇಟ್ಟಿದ್ದರೆ ಸುಮಾರು 300 ಮಿಲಿಸೆಕೆಂಡ್ ತನಕ ಕಾಯಬೇಕಾಗಬಹುದು. ನಿಮ್ಮ ಲೆಕ್ಕಕ್ಕೆ ಹತ್ತಿರವೇ ಇದೆ. ಎರಡನೇ ಪಿಂಗ್ ಹೊತ್ತಿಗೆ ಎಂಟ್ರಿ ಸಿದ್ಧ ಇರುತ್ತದೆ, ಫೋನೂ ಎದ್ದಿರುತ್ತದೆ. ಆಕ್ಸೆಸ್ ಪಾಯಿಂಟ್ ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿ ಎಆರ್‌ಪಿ ಇದ್ದರೆ ಹಾಕಿ ನೋಡಿ, ಆಗ ಫೋನ್ ಪರವಾಗಿ ಅದೇ ಉತ್ತರಿಸುತ್ತದೆ. ಎಷ್ಟು ಕಾದರೂ ಎಂಟ್ರಿ ಬರುವುದೇ ಇಲ್ಲ ಅಂದರೆ ಕ್ಲೈಂಟ್ ಐಸೊಲೇಷನ್ (ಸಾಧನಗಳು ಪರಸ್ಪರ ಮಾತಾಡದಂತೆ ತಡೆಯುವ ಸೆಟ್ಟಿಂಗ್) ಆನ್ ಆಗಿದೆಯಾ ನೋಡಿ, ಆದರೆ ಮೊದಲ ಪಿಂಗ್ ಮಾತ್ರ ತಡವಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕ್ಲಾಸಿಕ್ ಬ್ಲೂಟೂತ್‌ನಲ್ಲೂ ಮೊದಲ ಪಿಂಗ್ ನಿಧಾನ ಆಗುವುದುಂಟು. ಅಲ್ಲಿ ಕಾರಣ ಸ್ನಿಫ್ ಮೋಡ್. ಲಿಂಕ್ ಖಾಲಿ ಇದ್ದಾಗ ಎರಡೂ ಕಡೆಯವರು ಮಾತಾಡಿಕೊಂಡು ಅಪರೂಪಕ್ಕೆ ಎಚ್ಚರಗೊಳ್ಳುತ್ತಾರೆ. ಒಂದು ಸ್ಲಾಟ್ 625 ಮೈಕ್ರೋಸೆಕೆಂಡ್. 800 ಸ್ಲಾಟ್‌ಗೊಮ್ಮೆ ಏಳೋಣ ಅಂತ ಒಪ್ಪಿಕೊಂಡಿದ್ದರೆ ಅರ್ಧ ಸೆಕೆಂಡ್ ಕಾಯುವುದು ಸಹಜ. ತಡ ಆಗುತ್ತದೆ, ಕಳೆಯುವುದಿಲ್ಲ.

@ಸರ್ಕಿಟ್‌ಪ್ರಿಯೆ, ನಿಮ್ಮ ಮೊದಲ ಅನುಮಾನ ಉಳಿದಿದೆ. ಲಿನಕ್ಸ್‌ನಲ್ಲಿ ಬಿಎನ್‌ಇಪಿ ಫಿಲ್ಟರ್ ಬೆಂಬಲ ಕರ್ನಲ್ ಕಟ್ಟುವಾಗ ಆರಿಸಿಕೊಳ್ಳುವ ಆಯ್ಕೆ. ಪ್ರೋಟೋಕಾಲ್ ಫಿಲ್ಟರ್‌ಗೆ ಒಂದು, ಮಲ್ಟಿಕಾಸ್ಟ್‌ಗೆ ಇನ್ನೊಂದು. ಆ ಪೆಟ್ಟಿಗೆಯ ಕರ್ನಲ್‌ನಲ್ಲಿ ಪ್ರೋಟೋಕಾಲ್ ಫಿಲ್ಟರ್ ಇಲ್ಲದಿದ್ದರೆ, ಬೋರ್ಡ್ ಕಳಿಸಿದ ಮನವಿಗೆ ಅದು "ಇದು ನನಗೆ ಗೊತ್ತಿಲ್ಲ" ಅನ್ನುವ 0001 ಕೋಡ್ ತಿರುಗಿಸಿ, ಎಲ್ಲ ಪ್ಯಾಕೆಟ್ಟನ್ನೂ ಹಾಗೇ ಕಳಿಸುತ್ತದೆ. ಫರ್ಮ್‌ವೇರ್ ಆ ಉತ್ತರವನ್ನು ಲೆಕ್ಕಿಸದಿದ್ದರೆ ಎಲ್ಲ ನಡೆದುಹೋಗುತ್ತದೆ. ಆ ಪೆಟ್ಟಿಗೆಯಲ್ಲೂ ಕನೆಕ್ಷನ್‌ಗೆ ಮೊದಲೇ ಬಿಟಿಮಾನ್ ಹಾಕಿ, 01 04 ಅಂತ ಶುರುವಾಗುವ ಉತ್ತರ ಹುಡುಕಿ. ಮುಂದಿನ ಎರಡು ಬೈಟ್ 00 01 ಇದ್ದರೆ ಇದೇ ಕಾರಣ, 00 00 ಇದ್ದರೆ ಆ ಲಾಗ್ ಇಲ್ಲಿ ಹಾಕಿ.

ಸರ್ಕಿಟ್‌ಪ್ರಿಯೆ:

01 04 00 01.